ಒಂದು ಅಗುಳು ಹಿಸುಕಿ ನೋಡಿದರೆ ಸಾಕೆ? – ಬೆಳೆಗಾರರಿಗೆ ಸರಾಸರಿ ಪರೀಕ್ಷೆಯ ಪಾಠ



ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ಹಿರಿಯರ ಮಾತು. ಮಾತು ಸುಳ್ಳಲ್ಲ. ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಉರಿ. ಆದ್ದರಿಂದ ಒಂದು ಅಗುಳಿನ ಗತಿಯೇ ಮಿಕ್ಕ ಅಗುಳುಗಳ ಗತಿ. ಆದರೆ ಈ ಮಾತನ್ನು ಅಡುಗೆಮನೆಯಿಂದ ಕಾಫಿ ಕಣಕ್ಕೂ ಅಡಿಕೆ ತೋಟಕ್ಕೂ ಹಾಗೆಯೇ ಎತ್ತಿಕೊಂಡು ಹೋದರೆ ಕೈ ಸುಟ್ಟುಕೊಳ್ಳುತ್ತೇವೆ. ಅಲ್ಲಿ ಎಲ್ಲ ಅಗುಳುಗಳೂ ಒಂದೇ ಹದದಲ್ಲಿ ಬೆಂದಿರುವುದಿಲ್ಲ.

ಕೊಯ್ಲು ಮುಗಿಯುವ ಹೊತ್ತಿಗೆ ಸಂಘದ ಕಛೇರಿಗೆ ಒಂದಲ್ಲ ಒಂದು ಬಗೆಯಲ್ಲಿ ಬರುವ ತಕರಾರು ಇದು: "ಸ್ವಾಮಿ, ನನ್ನ ರೋಬಸ್ಟಾ ಚೆರ್ರಿಗೆ ವ್ಯಾಪಾರಿ 26 ಔಟ್‌ಟರ್ನ್ ಹಾಕಿದ್ದಾರೆ. ನಾನು ಒಂದು ಕಿಲೋ ಹಲ್ಲಿಂಗ್ ಮಾಡಿಸಿ ನೋಡಿದೆ; 544 ಗ್ರಾಂ ಬೀಜ ಬಂತು. ಅಂದರೆ 27ರ ಮೇಲೆ ಆಯಿತು. ಇದು ಹಗಲು ದರೋಡೆ ಅಲ್ಲವೆ?"

50 ಕಿಲೋ ಒಣ ಚೆರ್ರಿಯ ಸಿಪ್ಪೆ ತೆಗೆದಾಗ ಎಷ್ಟು ಕಿಲೋ ಬೀಜ ಸಿಗುತ್ತದೆಯೋ ಅದೇ ಔಟ್‌ಟರ್ನ್ ಎಂಬುದು ತಮಗೆಲ್ಲ ತಿಳಿದದ್ದೇ. ಚೀಲದ ಬೆಲೆ ನಿಂತಿರುವುದು ಅದರ ಮೇಲೆ. ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸುತ್ತಿದ್ದ ಪೂಲಿಂಗ್ ಪದ್ಧತಿ 1996ರಲ್ಲಿ ಕೊನೆಗೊಂಡ ಮೇಲೆ ಕಣದಲ್ಲೇ ನಿಂತು ಚೌಕಾಸಿ ಮಾಡುವ ಹೊಣೆ ನಮ್ಮ ಮೇಲೆಯೇ ಬಿದ್ದಿದೆ. ಚೌಕಾಸಿಗೆ ಗಟ್ಟಿ ಗಂಟಲಿಗಿಂತ ಗಟ್ಟಿ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ ಸದಸ್ಯರನ್ನು ನಾವು ಕೇಳುವ ಮೊದಲ ಪ್ರಶ್ನೆ: "ಆ ಒಂದು ಕಿಲೋ ಎಲ್ಲಿಂದ ತೆಗೆದಿರಿ?" "ಮೇಲಿದ್ದ ಚೀಲದಿಂದ." ವ್ಯಾಪಾರಿಯೂ ಬಹುಶಃ ಒಂದು ಚೀಲದಿಂದಲೇ ತೆಗೆದಿರುತ್ತಾರೆ. ಇವರದು ಒಂದು ಅಗುಳು, ಅವರದು ಒಂದು ಅಗುಳು. ಎರಡು ಅಗುಳುಗಳ ನಡುವೆ ಜಗಳ. ಇದನ್ನು ತೀರಿಸಲು ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಪರೀಕ್ಷೆ ಇದೆ. ಪಿ.ಯು.ಸಿ. ಓದಿದ ಮಗನೋ ಮಗಳೋ ಮನೆಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ಅದನ್ನೇ ಈ ಪಾಠದಲ್ಲಿ ವಿವರಿಸುತ್ತೇವೆ. ಇಲ್ಲಿ ಕೊಟ್ಟಿರುವ ತೂಕಗಳು ಪಾಠಕ್ಕೆ ಅನುಕೂಲವಾಗಲೆಂದು ನಾವು ಇಟ್ಟುಕೊಂಡ ಅಂಕಿಗಳು. ಲೆಕ್ಕದ ಕ್ರಮ ಮಾತ್ರ ಎಲ್ಲರ ಕಣಕ್ಕೂ ಅನ್ವಯಿಸುತ್ತದೆ.

ಮೊದಲು ಪ್ರಶ್ನೆಯನ್ನು ಬರೆದಿಡಿ

ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗುವ ತನಕ ಆರೋಪಿಯನ್ನು ನಿರಪರಾಧಿ ಎಂದೇ ಭಾವಿಸುತ್ತಾರೆ. ಇಲ್ಲಿಯೂ ಹಾಗೆಯೇ. ಎದುರಿನವರು ಹೇಳಿದ ಮಾತು ನಿಜವೆಂದು ಮೊದಲು ಒಪ್ಪಿಕೊಳ್ಳಬೇಕು: "ಈ ಕಣದ ಚೆರ್ರಿಯ ಸರಾಸರಿ ಔಟ್‌ಟರ್ನ್ 26, ಅಂದರೆ ಕಿಲೋಗೆ 520 ಗ್ರಾಂ." ಹೀಗೆ ಸದ್ಯಕ್ಕೆ ಒಪ್ಪಿಕೊಂಡ ಮಾತಿಗೆ ಶಾಸ್ತ್ರದಲ್ಲಿ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. ಹೆಸರು ಭಾರವಾಗಿದ್ದರೂ ಅರ್ಥ ಹಗುರ: "ವ್ಯತ್ಯಾಸ ಶೂನ್ಯ ಎಂದುಕೊಳ್ಳೋಣ" ಎಂದಷ್ಟೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: ಈ ಮಾತು ನಿಜವಾಗಿದ್ದರೆ ನಮ್ಮ ಕೈಗೆ ಬಂದಂಥ ತೂಕಗಳು ಬರುವುದು ಸಹಜವೋ, ಅಪರೂಪವೋ? ಸಹಜವಾಗಿದ್ದರೆ ಆ ಮಾತನ್ನು ತಳ್ಳಿಹಾಕಲು ನಮಗೆ ಆಧಾರವಿಲ್ಲ. ತೀರಾ ಅಪರೂಪವಾಗಿದ್ದರೆ ಆ ಮಾತನ್ನು ಬಿಡಬೇಕು.

ಎಷ್ಟು ಅಪರೂಪವಾದರೆ ಬಿಡಬೇಕು? ಇಪ್ಪತ್ತು ಸಲದಲ್ಲಿ ಒಂದು ಸಲಕ್ಕಿಂತ ಅಪರೂಪವಾದರೆ ಎಂಬುದು ಬಹುಮಟ್ಟಿಗೆ ರೂಢಿಯಲ್ಲಿರುವ ಗಡಿ. ಈ ಗಡಿಯನ್ನು ತೂಕ ನೋಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆಟ ಮುಗಿದ ಮೇಲೆ ಗೆರೆ ಎಳೆಯಬಾರದು.

ಮಾದರಿ ತೆಗೆಯುವ ಬಗೆ

ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಮಾದರಿ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಚೀಲಗಳಿಗೆ ನಂಬರು ಹಾಕಿ, ಚೀಟಿ ಎತ್ತಿ ಒಂಬತ್ತು ಚೀಲಗಳನ್ನು ಆರಿಸಿ. ಕಣ್ಣಿಗೆ ಚೆನ್ನಾಗಿ ಕಂಡ ಚೀಲವನ್ನು ಆರಿಸಬಾರದು. ಕೈಗೆ ಹತ್ತಿರ ಸಿಕ್ಕಿದ ಚೀಲವನ್ನೂ ಆರಿಸಬಾರದು. ಪ್ರತಿ ಚೀಲದ ಮೇಲೆ, ನಡುವೆ, ತಳದಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಸರಿಯಾಗಿ ಒಂದು ಕಿಲೋ ತೂಗಿ. ಒಂದೇ ಚೀಲದಿಂದ ಒಂಬತ್ತು ಕಿಲೋ ತೆಗೆದರೆ ಅದು ಒಂಬತ್ತು ಮಾದರಿ ಆಗುವುದಿಲ್ಲ, ಒಂದೇ ಮಾದರಿ. ಚೆರ್ರಿ ಎಲ್ಲವೂ ಒಂದೇ ಹದಕ್ಕೆ ಒಣಗಿರಬೇಕು. ತೇವ ಉಳಿದಿದ್ದರೆ ನೀರನ್ನೂ ಬೀಜದ ಜೊತೆಗೆ ತೂಗಿದಂತಾಗುತ್ತದೆ. ಎಲ್ಲ ಮಾದರಿಗಳಿಗೂ ಒಂದೇ ಹಲ್ಲರ್, ಒಂದೇ ತಕ್ಕಡಿ ಇರಲಿ. ಸಾಧ್ಯವಾದರೆ ವ್ಯಾಪಾರಿಯನ್ನೂ ಕರೆದು ಅವರ ಎದುರಿನಲ್ಲೇ ಮಾಡಿ.

ಲೆಕ್ಕ

ಒಂಬತ್ತು ಚೀಲಗಳಿಂದ ಬಂದ ಬೀಜ, ಗ್ರಾಂ ಲೆಕ್ಕದಲ್ಲಿ, ಹೀಗಿದೆ ಎಂದುಕೊಳ್ಳೋಣ:

528, 544, 516, 538, 522, 550, 532, 518, 540.

(1) ಒಟ್ಟು 4788. ಒಂಬತ್ತರಿಂದ ಭಾಗಿಸಿದರೆ ಸರಾಸರಿ 532 ಗ್ರಾಂ.

(2) ಪ್ರತಿ ತೂಕವೂ ಸರಾಸರಿಯಿಂದ ಎಷ್ಟು ದೂರ ಎಂದು ಬರೆಯಿರಿ: 4 ಕಡಿಮೆ, 12 ಹೆಚ್ಚು, 16 ಕಡಿಮೆ, 6 ಹೆಚ್ಚು, 10 ಕಡಿಮೆ, 18 ಹೆಚ್ಚು, 0, 14 ಕಡಿಮೆ, 8 ಹೆಚ್ಚು.

(3) ಇವನ್ನು ಹಾಗೆಯೇ ಕೂಡಿದರೆ ಹೆಚ್ಚೂ ಕಡಿಮೆಯೂ ವಜಾ ಆಗಿ ಸೊನ್ನೆ ಬರುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಬೇಕು: 16, 144, 256, 36, 100, 324, 0, 196, 64. ಒಟ್ಟು 1136.

(4) ಮಾದರಿಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 8ರಿಂದ ಭಾಗಿಸಿ: 142. ಇದರ ವರ್ಗಮೂಲ 11.9. ಇದಕ್ಕೆ ಮಾನಕ ವಿಚಲನೆ ಎಂದು ಹೆಸರು. ಒಂದು ಚೀಲಕ್ಕೂ ಇನ್ನೊಂದು ಚೀಲಕ್ಕೂ ಸಾಮಾನ್ಯವಾಗಿ ಇರುವ ಏರುಪೇರಿನ ಅಳತೆ ಇದು.

(5) ಇದನ್ನು ಮಾದರಿ ಸಂಖ್ಯೆಯ ವರ್ಗಮೂಲದಿಂದ, ಇಲ್ಲಿ 3ರಿಂದ, ಭಾಗಿಸಿದರೆ ಸುಮಾರು 4 ಗ್ರಾಂ. ಇದು ಮಾನಕ ದೋಷ. ದೋಷವೆಂದರೆ ಯಾರದೋ ತಪ್ಪಲ್ಲ. ಒಂಬತ್ತು ಚೀಲದ ಸರಾಸರಿಯು ಇಡೀ ಕಣದ ನಿಜವಾದ ಸರಾಸರಿಯಿಂದ ಆಕಸ್ಮಿಕವಾಗಿಯೇ ಎಷ್ಟು ಅತ್ತಿತ್ತ ಆಗಬಹುದು ಎಂಬುದರ ಅಳತೆ.

(6) ನಮ್ಮ ಸರಾಸರಿ 532, ಎದುರಿನ ಮಾತು 520, ವ್ಯತ್ಯಾಸ 12. ಇದನ್ನು 4ರಿಂದ ಭಾಗಿಸಿದರೆ 3. ಅಂದರೆ ನಮ್ಮ ವ್ಯತ್ಯಾಸವು ಆಕಸ್ಮಿಕ ಏರುಪೇರಿನ ಮೂರರಷ್ಟಿದೆ.

ತೀರ್ಪು

ಈ ಕೊನೆಯ ಅಂಕಿಯನ್ನು ಕೆಳಗಿನ ಗಡಿಯೊಂದಿಗೆ ಹೋಲಿಸಬೇಕು. ಇಪ್ಪತ್ತಕ್ಕೆ ಒಂದರ ಲೆಕ್ಕದಲ್ಲಿ, ಹೆಚ್ಚು ಕಡಿಮೆ ಎರಡೂ ಬದಿಗೆ ಅನ್ವಯಿಸುವ ಗಡಿಗಳಿವು:

ಮಾದರಿ 5 ಆದರೆ ಗಡಿ 2.78
ಮಾದರಿ 6 ಆದರೆ 2.57
ಮಾದರಿ 8 ಆದರೆ 2.36
ಮಾದರಿ 9 ಆದರೆ 2.31
ಮಾದರಿ 10 ಆದರೆ 2.26
ಮಾದರಿ 15 ಆದರೆ 2.14
ಮಾದರಿ 20 ಆದರೆ 2.09
ಮಾದರಿ 30 ಆದರೆ 2.05

ನಮ್ಮ 3 ಎಂಬುದು 2.31ಕ್ಕಿಂತ ದೊಡ್ಡದು. ಆದ್ದರಿಂದ ಈ ಕಣದ ಸರಾಸರಿ 26 ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಸದಸ್ಯರು ಹೇಳಿದ 27.2 ಸರಿಯೆ? ಅದನ್ನೂ ನೋಡೋಣ. ಮಾನಕ ದೋಷ 4ನ್ನು 2.31ರಿಂದ ಗುಣಿಸಿದರೆ ಸುಮಾರು 9. ನಮ್ಮ ಸರಾಸರಿ 532ರಿಂದ 9 ಕಳೆದು, 9 ಕೂಡಿದರೆ 523ರಿಂದ 541 ಗ್ರಾಂ. ಔಟ್‌ಟರ್ನ್ ಲೆಕ್ಕದಲ್ಲಿ 26.15ರಿಂದ 27.05. ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ ಇದು. ವ್ಯಾಪಾರಿಯ 26 ಇದರ ಕೆಳಗೆ ಬಿತ್ತು, ಸದಸ್ಯರ 27.2 ಇದರ ಮೇಲೆ ಹೋಯಿತು. ಇಬ್ಬರ ಅಗುಳೂ ಸುಳ್ಳು ಹೇಳಲಿಲ್ಲ, ಆದರೆ ಇಬ್ಬರ ಅಗುಳೂ ಇಡೀ ಪಾತ್ರೆಯ ಮಾತನ್ನು ಹೇಳಲಿಲ್ಲ. ನ್ಯಾಯವಾಗಿ ಕೇಳಬಹುದಾದದ್ದು 26.6.

0.6 ಪಾಯಿಂಟು ಅಲ್ಪವೆಂದು ತೋರಬಹುದು. ಲೆಕ್ಕಕ್ಕಾಗಿ ಪಾಯಿಂಟಿಗೆ 300 ರೂಪಾಯಿ ಎಂದಿಟ್ಟುಕೊಂಡರೆ ಚೀಲಕ್ಕೆ 180 ರೂಪಾಯಿ, ನೂರು ಚೀಲಕ್ಕೆ 18,000 ರೂಪಾಯಿ. ಸಣ್ಣ ಹಿಡುವಳಿದಾರನಿಗೆ ಇದು ಬಿಟ್ಟುಕೊಡುವ ಹಣವಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಪರೀಕ್ಷೆ ಹೇಳಿದ್ದು "26 ಸರಿಯಲ್ಲ" ಎಂದು. "ವ್ಯಾಪಾರಿ ಮೋಸಗಾರ" ಎಂದಲ್ಲ. ನಮ್ಮದೇ ಒಂಬತ್ತು ಚೀಲಗಳಲ್ಲಿ 516, 518 ಬಂದಿಲ್ಲವೆ? ಅಂಥ ಒಂದು ಚೀಲಕ್ಕೆ ಅವರ ಕೈ ಹೋಗಿದ್ದರೆ ಅವರು 26 ಎಂದು ಪ್ರಾಮಾಣಿಕವಾಗಿಯೇ ಹೇಳಿರಬಹುದು. ಅಂಕಿಗಳಿಂದ ಸರಾಸರಿಯನ್ನು ಅಳೆಯಬಹುದು, ಮನಸ್ಸನ್ನು ಅಳೆಯಲಾಗದು. ನಾಳೆಯೂ ನಮ್ಮ ಕಣಕ್ಕೆ ಬರಬೇಕಾದ ಮನುಷ್ಯನನ್ನು ಹಗಲು ದರೋಡೆಕೋರ ಎಂದು ಕರೆಯುವ ಮೊದಲು ಇದನ್ನು ನೆನೆಯಬೇಕು.

ಈ ಪರೀಕ್ಷೆ ಬಂದದ್ದೆಲ್ಲಿಂದ?

ಇದು ಬರಿಯ ಕಾಲೇಜಿನ ವಿದ್ಯೆ ಎಂದು ಯಾರೂ ಹೆದರಬೇಕಾಗಿಲ್ಲ. ಇದನ್ನು ಕೊಟ್ಟವರು ವಿಲಿಯಂ ಗಾಸೆಟ್ ಎಂಬವರು. 1899ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದವರು. ಅವರ ಮುಂದಿದ್ದದ್ದು ಬಾರ್ಲಿ ಬೆಳೆಯ ಪ್ರಶ್ನೆಗಳು, ಕೈಯಲ್ಲಿದ್ದದ್ದು ನಾಲ್ಕಾರು ಮಾದರಿಗಳು. ಮಾದರಿ ನೂರಾರು ಇದ್ದರೆ ಮಾತ್ರ ನಂಬಬಹುದಾದ ಲೆಕ್ಕಗಳು ಆಗ ಇದ್ದವು. ನಾಲ್ಕಾರು ಮಾದರಿಗಳಿಂದ ಎಷ್ಟು ಧೈರ್ಯವಾಗಿ ಮಾತಾಡಬಹುದು ಎಂಬುದಕ್ಕೆ ಅವರು ಉತ್ತರ ಹುಡುಕಿದರು. 1908ರಲ್ಲಿ 'ಸ್ಟೂಡೆಂಟ್', ಎಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮದಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಆರ್. ಎ. ಫಿಶರ್ ಅವರು 1925ರ ತಮ್ಮ ಪುಸ್ತಕದ ಮೂಲಕ ಇದನ್ನೂ ಇಪ್ಪತ್ತಕ್ಕೆ ಒಂದರ ಗಡಿಯನ್ನೂ ಬಳಕೆಗೆ ತಂದರು. ಅದೇ 1925ರಲ್ಲಿ ನಮ್ಮ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು; 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಬಂತು. ಇಂಥ ಕೇಂದ್ರಗಳ ಪ್ರಯೋಗದಲ್ಲಿ ಒಂದೇ ಗೊಬ್ಬರವನ್ನು ಹಲವು ತಾಕುಗಳಿಗೆ ಹಾಕಿ ನೋಡುವುದರ ಹಿಂದಿರುವ ತರ್ಕ ಇದೇ. ಸಣ್ಣ ಮಾದರಿಯ ಈ ವಿದ್ಯೆ ಸಣ್ಣ ಬೆಳೆಗಾರನಿಗೆ ಹೇಳಿ ಮಾಡಿಸಿದಂತಿದೆ.

ಅಡಿಕೆ ತೋಟಕ್ಕೆ ಒಂದು ಉದಾಹರಣೆ

ಎರಡನೆಯ ಬಗೆಯ ಪ್ರಶ್ನೆ: "ಈ ಹೊಸ ಔಷಧಿಯಿಂದ ಫಸಲು ಹೆಚ್ಚುತ್ತದೆಯೆ?"

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇವೆ. ಬಾಟಲಿಯಲ್ಲಿ ಬರುವ ಒಂದು ಟಾನಿಕ್ಕನ್ನು ಒಮ್ಮೆ ನಮ್ಮ ತೋಟದ ಹಳ್ಳದ ಬದಿಯ ಮರಗಳಿಗೆ ಹಾಕಿದೆವು. ಮೇಲಿನ ತಾಕಿಗೆ ಹಾಕಲಿಲ್ಲ. ಆ ವರ್ಷ ಹಳ್ಳದ ಬದಿಯಲ್ಲಿ ಗೊನೆ ಚೆನ್ನಾಗಿ ಬಂತು. ಮರುವರ್ಷ ಸಾಲ ಮಾಡಿ ಇಡೀ ತೋಟಕ್ಕೆ ಹಾಕಿದೆವು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಳ್ಳದ ಬದಿಯಲ್ಲಿ ನೀರೂ ಮೆಕ್ಕಲು ಮಣ್ಣೂ ಮೊದಲಿನಿಂದಲೇ ಇದ್ದವು, ಫಸಲು ಅಲ್ಲಿ ಎಂದೂ ಹೆಚ್ಚೇ. ಪದವಿ ಪಡೆದಿದ್ದೂ ಈ ಮೋಟು ವಿಚಾರ ಹೊಳೆಯಲಿಲ್ಲ. ಸಾಲದ ಕಂತು ಮಾತ್ರ ಸರಿಯಾಗಿ ಬಂತು.

ಸರಿಯಾದ ಕ್ರಮ ಜೋಡಿ ಕಟ್ಟುವುದು. ತೋಟದ ಎಂಟು ಕಡೆ, ಪ್ರತಿ ಕಡೆಯಲ್ಲೂ ಅಕ್ಕಪಕ್ಕದ, ಒಂದೇ ವಯಸ್ಸಿನ ಹತ್ತು ಹತ್ತು ಮರಗಳ ಎರಡು ಗುಂಪು ಮಾಡಿ. ಯಾವ ಗುಂಪಿಗೆ ಔಷಧಿ ಎಂಬುದನ್ನು ನಾಣ್ಯ ಹಾರಿಸಿ ತೀರ್ಮಾನಿಸಿ. ಮಿಕ್ಕ ಆರೈಕೆ ಎರಡಕ್ಕೂ ಒಂದೇ. ಕೊನೆಗೆ ಪ್ರತಿ ಜೋಡಿಯಲ್ಲಿ ಔಷಧಿ ಹಾಕಿದ ಗುಂಪಿಗೆ ಒಣ ಅಡಿಕೆ ಎಷ್ಟು ಕಿಲೋ ಹೆಚ್ಚು ಅಥವಾ ಕಡಿಮೆ ಬಂತೆಂದು ಬರೆಯಿರಿ. ಅದು ಹೀಗಿರಲಿ:

4 ಹೆಚ್ಚು, 2 ಕಡಿಮೆ, 5 ಹೆಚ್ಚು, 1 ಕಡಿಮೆ, 3 ಹೆಚ್ಚು, 3 ಕಡಿಮೆ, 6 ಹೆಚ್ಚು, 0.

ಸರಾಸರಿ 1.5 ಕಿಲೋ ಹೆಚ್ಚು. ಮಾರುವವರು ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ನಾವು ಮುಂದುವರಿಯೋಣ. ಔಷಧಿಯ ಪರಿಣಾಮ ಶೂನ್ಯ ಎಂದು ಒಪ್ಪಿಕೊಂಡು ಮೇಲಿನ ಕ್ರಮದಲ್ಲೇ ಲೆಕ್ಕ ಹಾಕಿದರೆ ವರ್ಗಗಳ ಮೊತ್ತ 82. 7ರಿಂದ ಭಾಗಿಸಿ ವರ್ಗಮೂಲ ತೆಗೆದರೆ 3.42, ಅದನ್ನು 8ರ ವರ್ಗಮೂಲ 2.83ರಿಂದ ಭಾಗಿಸಿದರೆ 1.21. ವ್ಯತ್ಯಾಸ 1.5ನ್ನು ಇದರಿಂದ ಭಾಗಿಸಿದರೆ 1.24. ಎಂಟು ಜೋಡಿಗೆ ಗಡಿ 2.36. ದಾಟಲಿಲ್ಲ.

ಇದರ ಅರ್ಥ ಔಷಧಿ ನಿಷ್ಪ್ರಯೋಜಕ ಎಂದೆ? ಅಲ್ಲ. "ಸಾಕ್ಷಿ ಸಾಲದು" ಎಂದು ಮಾತ್ರ. ಇಷ್ಟು ಏರುಪೇರಿರುವ ತೋಟದಲ್ಲಿ 1.5 ಕಿಲೋದ ವ್ಯತ್ಯಾಸ ಗಡಿ ಮುಟ್ಟಬೇಕಾದರೆ ಇಪ್ಪತ್ತಮೂರು ಜೋಡಿಯಾದರೂ ಬೇಕು. ಸಾಕಷ್ಟು ಭರವಸೆಯಿಂದ ಕಂಡುಹಿಡಿಯಬೇಕಾದರೆ ನಲವತ್ತರ ಸಮೀಪ ಬೇಕು. ಒಬ್ಬರ ತೋಟದಲ್ಲಿ ಅಷ್ಟು ಕಷ್ಟ. ಎಂಟು ಮಂದಿ ಸದಸ್ಯರು ಐದೈದು ಜೋಡಿ ಹಾಕಿದರೆ ನಲವತ್ತು ಆಯಿತು. ಸಹಕಾರದ ಲಾಭ ಗೊಬ್ಬರ ಕೊಳ್ಳುವುದರಲ್ಲಿ ಮಾತ್ರವಲ್ಲ, ಗೊಬ್ಬರದ ಸತ್ಯ ತಿಳಿಯುವುದರಲ್ಲೂ ಇದೆ.

ಎಚ್ಚರಿಕೆಯ ಮಾತುಗಳು

ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ ಔಷಧಿಯ ಗುಣ ನಿರ್ಧರಿಸಬೇಡಿ. ಅರಾಬಿಕಾ ಒಂದು ವರ್ಷ ಹೆಚ್ಚು ಬಿಟ್ಟರೆ ಮರುವರ್ಷ ಕಡಿಮೆ ಬಿಡುವುದು ಅದರ ಗುಣ. ಹೂಮಳೆ ಒಂದು ವಾರ ಹಿಂದುಮುಂದಾದರೂ ಫಸಲು ಬದಲಾಗುತ್ತದೆ. ಒಂದೇ ವರ್ಷ, ಅಕ್ಕಪಕ್ಕ, ಇದೇ ಸರಿಯಾದ ಹೋಲಿಕೆ.

ಇಪ್ಪತ್ತು ನಿಷ್ಪ್ರಯೋಜಕ ಔಷಧಿಗಳನ್ನು ಪರೀಕ್ಷಿಸಿದರೆ ಅವುಗಳಲ್ಲಿ ಒಂದು ಆಕಸ್ಮಿಕವಾಗಿಯೇ ಗಡಿ ದಾಟುವುದು ಸಹಜ. ಗೆದ್ದ ಒಂದನ್ನು ಮಾತ್ರ ತೋರಿಸಿ, ಸೋತ ಹತ್ತೊಂಬತ್ತನ್ನು ಮರೆಮಾಡುವ ಜಾಹೀರಾತುಗಳನ್ನು ನಂಬಬೇಡಿ. ಮತ್ತೊಂದು ವರ್ಷ, ಮತ್ತೊಂದು ತೋಟದಲ್ಲಿ ಗೆದ್ದರೆ ಆಗ ನಂಬೋಣ.

ಒಂದು ತೂಕ ಉಳಿದವುಗಳಿಂದ ಬಹಳ ದೂರ ಇದ್ದರೆ ಮೊದಲು ಕಾರಣ ಹುಡುಕಿ. ತಕ್ಕಡಿ ತಪ್ಪಿತ್ತೆ? ಆ ಚೀಲ ಒದ್ದೆಯಾಗಿತ್ತೆ? ನಮಗೆ ಅನುಕೂಲವಿಲ್ಲ ಎಂಬ ಕಾರಣಕ್ಕೆ ಅದನ್ನು ಹೊಡೆದುಹಾಕಬಾರದು.

ಗಡಿ ದಾಟಿತೆಂದ ಮಾತ್ರಕ್ಕೆ ಲಾಭವೆಂದೂ ಅಲ್ಲ. ಮಾದರಿ ಬಹಳವಿದ್ದರೆ ಬಹಳ ಸಣ್ಣ ವ್ಯತ್ಯಾಸವೂ ಗಡಿ ದಾಟುತ್ತದೆ. ಹೆಚ್ಚಿದ ಅಡಿಕೆಯ ಬೆಲೆ ಔಷಧಿಯ ಹಾಗೂ ಕೂಲಿಯ ಖರ್ಚನ್ನು ಮೀರುತ್ತದೆಯೆ ಎಂಬುದು ಬೇರೆಯೇ ಲೆಕ್ಕ, ಅದನ್ನೂ ಹಾಕಬೇಕು.

ಕೊಳೆರೋಗದ ವಿಷಯದಲ್ಲಿ ಪರೀಕ್ಷೆಗೆಂದು ಮರಗಳನ್ನು ಸಿಂಪರಣೆ ಇಲ್ಲದೆ ಬಿಡಬೇಡಿ. ಹೊಸ ಔಷಧಿಯನ್ನು ಹೋಲಿಸಬೇಕಾದದ್ದು ನಾವು ಬಲ್ಲ ಶೇಕಡಾ ಒಂದರ ಬೋರ್ಡೋ ದ್ರಾವಣದೊಂದಿಗೆ. ಏನೂ ಹಾಕದ ಮರದೊಂದಿಗೆ ಅಲ್ಲ. ಪಾಠ ಕಲಿಯಲು ಹೋಗಿ ಫಸಲು ಕಳೆದುಕೊಳ್ಳುವುದು ಜಾಣತನವಲ್ಲ.

ಮನೆಗೆಲಸ

ಪಾಠವೆಂದ ಮೇಲೆ ಲೆಕ್ಕ ಕೊಡದೆ ಬಿಡುವಂತಿಲ್ಲ. 50 ಕಿಲೋ ಎಂದು ಮುದ್ರಿಸಿದ ಗೊಬ್ಬರದ ಚೀಲಗಳ ರಾಶಿಯಿಂದ ಚೀಟಿ ಎತ್ತಿ ಐದು ಚೀಲ ತೂಗಿದಾಗ, ಖಾಲಿ ಚೀಲದ ತೂಕ ಕಳೆದು, 49.6, 50.1, 49.4, 49.8, 49.6 ಕಿಲೋ ಬಂತು. ಸರಾಸರಿಯಲ್ಲಿ 300 ಗ್ರಾಂ ಕಡಿಮೆ. ತೂಕದವನ ಮೇಲೆ ದೂರು ಬರೆಯಬಹುದೆ?

ಮೊದಲು ತಾವೇ ಮಾಡಿ, ಆಮೇಲೆ ಮುಂದಿನ ಸಾಲನ್ನು ಓದಿ. ವರ್ಗಗಳ ಮೊತ್ತ 0.28, ಮಾನಕ ವಿಚಲನೆ 0.265, ಮಾನಕ ದೋಷ 0.118, ಕೊನೆಯ ಅಂಕಿ 2.54. ಐದು ಮಾದರಿಗೆ ಗಡಿ 2.78. ಅನುಮಾನಕ್ಕೆ ಎಡೆಯಿದೆ, ದೂರಿಗೆ ಆಧಾರ ಸಾಲದು. ಮಾಡಬೇಕಾದ ಕೆಲಸ: ಮತ್ತೆ ಹೊಸದಾಗಿ ಚೀಟಿ ಎತ್ತಿ, ಈ ಸಲ ಇಪ್ಪತ್ತು ಚೀಲ ತೂಗುವುದು, ಇಪ್ಪತ್ತು ಎಂದು ಮೊದಲೇ ಗೊತ್ತುಮಾಡಿ, ಅಷ್ಟನ್ನೂ ತೂಗಿ ಮುಗಿಸುವುದು. ಬೇಕಾದ ಉತ್ತರ ಬಂದ ಚೀಲಕ್ಕೆ ನಿಲ್ಲಿಸುವುದಲ್ಲ.

ಐದು ಚೀಲದ ಬಲದ ಮೇಲೆ ಒಬ್ಬ ಬಡ ನೌಕರನ ಅನ್ನ ಹೋಗಬಾರದು. ಇಪ್ಪತ್ತು ಚೀಲ ತೂಗುವ ಸೋಮಾರಿತನದಿಂದ ನೂರು ಮಂದಿ ಸದಸ್ಯರ ಹಣವೂ ಹೋಗಬಾರದು. ಈ ಎರಡು ತಪ್ಪುಗಳ ನಡುವೆ ದಾರಿ ತೋರಿಸುವುದೇ ಈ ಪರೀಕ್ಷೆಯ ಕೆಲಸ.

ಔಟ್‌ಟರ್ನ್ ನೋಡಬೇಕೆನ್ನುವ ಸದಸ್ಯರು ಒಂಬತ್ತು ಚೀಲದ ಮಾದರಿಯನ್ನು ಬೇರೆ ಬೇರೆ ಪೊಟ್ಟಣ ಮಾಡಿ, ಚೀಲದ ನಂಬರು ಬರೆದು ಸಂಘದ ಕಛೇರಿಗೆ ತಂದರೆ ಲೆಕ್ಕವನ್ನು ಜೊತೆಯಲ್ಲಿ ಕುಳಿತು ಹಾಕೋಣ. ಒಂದೇ ಪೊಟ್ಟಣ ತಂದವರಿಗೆ ಕಾಫಿ ಕೊಟ್ಟು, ಮಿಕ್ಕ ಎಂಟನ್ನು ತರಲು ವಾಪಸು ಕಳಿಸುತ್ತೇವೆ.

– ಕಾರ್ಯದರ್ಶಿ